ಮುತ್ತಪ್ಪನ ಸತ್ಕಾರ

ನಮ್ಮ ಬೆಳಗಾವಿಯಲ್ಲಿ ಸತ್ಕಾರಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಮಗ ಹತ್ತನೇ ಕ್ಲಾಸು ಪಾಸಾದರೆ ಸತ್ಕಾರ, ಮಾವ ಸೊಸೈಟಿಗೆ ಡೈರೆಕ್ಟರ್ ಆದರೆ ಸತ್ಕಾರ, ಯಾರೋ ಕಾಶಿಗೆ ಹೋಗಿ ಕ್ಷೇಮವಾಗಿ ತಿರುಗಿ ಬಂದರೆ ಅದಕ್ಕೂ ಒಂದು ಶಾಲು, ತಲೆಗೊಂದು ಫೇಟಾ, ಒಂದು ಬುಟ್ಟಿ ಹಣ್ಣು. ಶಾಲು ಹೊದ್ದವನಿಗೆ ಅದು ಯಾಕೆಂದು ಗೊತ್ತಿರುವುದಿಲ್ಲ, ಹೊದಿಸಿದವನಿಗೆ ಸಂಜೆಯಾಗುವಷ್ಟರಲ್ಲಿ ಮರೆತು ಹೋಗಿರುತ್ತದೆ. ಫೋಟೋ ಮಾತ್ರ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ. ಇದನ್ನೆಲ್ಲ ನೋಡಿ ನಾನೂ ನಗುತ್ತಿದ್ದೆ. ಮುತ್ತಪ್ಪನಿಗೆ ಸತ್ಕಾರ ಮಾಡಿದ ದಿನದಿಂದ ಶಾಲು ಕಂಡರೆ ಮೈ ಉರಿಯುತ್ತದೆ.

ನನ್ನ ಹೆಸರು ನಿಖಿತಾ. ಫಿಸಿಯೋಥೆರಪಿ ನನ್ನ ಕಸುಬು. ಊರಿನ ಕ್ಯಾಂಪ್ ಭಾಗದಲ್ಲಿ ಒಂದು ಬೇಕರಿಯ ಪಕ್ಕದ ಸಣ್ಣ ಜಾಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಒಂದು ದಿನ ಮಿತ್ರ ಮಂಡಳ ಫುಟ್‌ಬಾಲ್ ಕ್ಲಬ್ಬಿನವರು ಯಾವನೋ ಆಟಗಾರನ ಉಳುಕಿದ ಪಾದ ತೋರಿಸಲು ಬಂದರು. ಫೀಸು ಬೇಡ ಎಂದೆ. ಅಷ್ಟೇ ಸಾಕಾಯಿತು ಅವರಿಗೆ. ಮರುವಾರವೇ ನನ್ನನ್ನು ಕಮಿಟಿ ಮೆಂಬರ್ ಮಾಡಿ, ಅದಕ್ಕೂ ಒಂದು ಶಾಲು ಹೊದಿಸಿ, ಇಡೀ ತಂಡದ ಮೊಣಕಾಲುಗಳನ್ನು ನನ್ನ ತಲೆಗೆ ಕಟ್ಟಿದರು. ಆ ಮೊಣಕಾಲುಗಳ ಪೈಕಿ ಅತಿ ಹೆಚ್ಚು ಸಲ ನನ್ನ ಟೇಬಲ್ಲಿನ ಮೇಲೆ ಮಲಗಿದ್ದು ಮುತ್ತಪ್ಪನದು.

ಮುತ್ತಪ್ಪ ಖಾನಾಪುರದ ಹುಡುಗ. ಕುರಿ ಕಾಯುವ ಮನೆತನ. ಕಾಲಲ್ಲಿ ಚೆಂಡು ಇದ್ದಾಗ ಅವನನ್ನು ನೋಡಿದವರು ಬೇರೆ ಆಟಗಾರರನ್ನು ನೋಡುವುದನ್ನೇ ಬಿಡುತ್ತಿದ್ದರು. ಹುಬ್ಬಳ್ಳಿಯ ಟೂರ್ನಮೆಂಟಿನ ಫೈನಲ್‌ನಲ್ಲಿ ಇಬ್ಬರ ನಡುವೆ ನುಸುಳಿ, ಬೀಳುತ್ತ ಬೀಳುತ್ತಲೇ ಎಡಗಾಲಿನಿಂದ ಗೋಲು ಹೊಡೆದ. ಕ್ಲಬ್ಬಿಗೆ ಕಪ್ಪು ಬಂತು. ಅದೇ ಬೀಳುವಿಕೆಯಲ್ಲಿ ಅವನ ಎಡಮೊಣಕಾಲಿನ ಲಿಗಮೆಂಟು ಹರಿಯಿತು. ಆಪರೇಷನ್ ಆಯಿತು. ವರ್ಷ ಕಳೆದು ಮೈದಾನಕ್ಕೆ ಇಳಿದರೆ ತೊಡೆಯ ಸ್ನಾಯು ಕಿತ್ತಿತು. ಅದು ಕೂಡಿತು ಎನ್ನುವಷ್ಟರಲ್ಲಿ ಬಲಗಡೆಯ ಹಿಮ್ಮಡಿ. ಆಮೇಲೆ ಮತ್ತೆ ಅದೇ ಎಡಮೊಣಕಾಲು. ಗ್ಯಾಲರಿಯ ಪೋರರು ಅವನಿಗೆ ‘ಪ್ಲಾಸ್ಟರ್ ಮುತ್ತ್ಯಾ’ ಎಂದು ಹೆಸರಿಟ್ಟರು. ಅವನು ಅದಕ್ಕೂ ತಿರುಗಿ ಕೈ ಬೀಸುತ್ತಿದ್ದ. ಇಂಥ ಮೆತ್ತನೆಯವನಿಗೆ ಇಂಥ ಕಾಲು ಕೊಟ್ಟ ದೇವರ ಮೇಲೆ ನನಗೆ ಸಿಟ್ಟಿದೆ.

ಮೈದಾನದ ಹಿಂದೆ ಕ್ಲಬ್ಬಿನ ಒಂದು ಖೋಲಿ ಇದೆ, ಹೊರ ಊರಿನಿಂದ ಬಂದ ಆಟಗಾರನಿಗಾಗಿ. ಮುತ್ತಪ್ಪ ಅಲ್ಲಿಯೇ ಇರುತ್ತಿದ್ದ. ಬೆಳಗಿನ ಪ್ರಾಕ್ಟೀಸು ಮುಗಿಸಿ ನಮ್ಮ ಅಧ್ಯಕ್ಷ ಗುರುಪುತ್ರಪ್ಪನವರ ಶಹಾಪುರ ಪೇಟೆಯ ಸೀರೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಅಂಗಡಿಯ ಕೆಲಸ ಖೋಲಿಯ ಜೊತೆಗೇ ಬರುತ್ತದೆ, ಖೋಲಿಯ ಜೊತೆಗೇ ಹೋಗುತ್ತದೆ. ಎರಡೂ ತಂಡದಲ್ಲಿ ಹೆಸರಿದ್ದವನಿಗೆ ಮಾತ್ರ. ಕ್ಲಬ್ ಕಟ್ಟಿದ ಹಿರಿಯರು ಹಾಕಿಟ್ಟ ನಿಯಮ ಅದು. ಬೇರೆಲ್ಲಾದರೂ ಕೆಲಸ ಸಿಗದೇ ಹೋಗುತ್ತದೆಯೇ ಎಂದು ನೀವು ಕೇಳಬಹುದು. ಸಿಗುತ್ತದೆ. ಆದರೆ ಮುತ್ತಪ್ಪ ಬೆಳಗಾವಿಗೆ ಬಂದದ್ದು ಕೆಲಸಕ್ಕಲ್ಲ. ಕಾಲಿಗೆ ಕರೆಂಟ್ ಹಚ್ಚಿಸಿಕೊಳ್ಳುತ್ತ ಮಲಗಿದ್ದಾಗ ಒಮ್ಮೆ ಅವನೇ ಹೇಳಿದ್ದ: “ನನಗ ಬ್ಯಾರೆ ಏನೂ ಬರೂದಿಲ್ರಿ ಅಕ್ಕಾರ. ಹಿಂಡಿನ ಹಿಂದ ನಡ್ಯಾಕ ಇನ್ನ ಈ ಕಾಲ ಆಗೂದಿಲ್ಲ. ಕ್ಲಬ್ಬ ಐತಿ ಅಂತ ನಾ ಅದೀನಿ.”

ಈ ಸಲದ ಲೀಗು ಶುರುವಾಗುವ ಮುಂಚೆ ಕಮಿಟಿ ಸೇರಿತು. ಗುರುಪುತ್ರಪ್ಪನವರ ಅಂಗಡಿಯ ಒಳಕೋಣೆಯಲ್ಲಿ, ಬಿಳಿ ಗಾದಿಯ ಮೇಲೆ, ಸುತ್ತ ಸೀರೆಗಳ ಗುಡ್ಡದ ನಡುವೆ. ಒಂದೇ ವಿಷಯ: ಮುತ್ತಪ್ಪನನ್ನು ಇಟ್ಟುಕೊಳ್ಳುವುದೋ ಬಿಡುವುದೋ.

ಮೊದಲು ಬಾಯಿ ಬಿಟ್ಟವನು ಕೋಚ್ ಸಂಜಯ. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಅವನೂ ಮುತ್ತಪ್ಪನ ಜನದವನೇ. ಖಾನಾಪುರದ ಶಾಲೆಯ ಬಯಲಿನಲ್ಲಿ ಬರಿಗಾಲಲ್ಲಿ ಆಡುತ್ತಿದ್ದ ಮುತ್ತಪ್ಪನನ್ನು ಹುಡುಕಿ ತಂದವನು ಅವನೇ.

“ನಾನ ಅವನ್ನ ತಂದಾಂವ, ಅದಕ್ಕ ನಾನ ಹೇಳ್ತೀನಿ. ಬಿಡೂಣು,” ಎಂದ ಸಂಜಯ. “ಹ್ವಾದ ವರ್ಷ ಇವನ ಸಲುವಾಗಿ ಬ್ಯಾರೆ ಸ್ಟ್ರೈಕರನ್ನ ತಗೊಳ್ಳಲಿಲ್ಲ. ಇಂವ ಹಬ್ಬಕ್ಕ ಬಂದ ಬೀಗರಂಗ ಬಂದು ಹ್ವಾದ. ಉಳಿದ ದಿನಾ ಎಲ್ಲಾ ಬೆಂಚಿನ ಮ್ಯಾಲ ಐಸ್ ಹಚ್ಕೊಂಡು ಕುಂತಿದ್ದ.”

“ಆದ್ರೂ ಸಂಜು, ಹುಬ್ಬಳ್ಳಿ ಮ್ಯಾಚು…” ಎಂದರು ಗುರುಪುತ್ರಪ್ಪನವರು.

“ಹುಬ್ಬಳ್ಳಿ ಮ್ಯಾಚು ಆಗಿ ಹೋತ್ರಿ ಅಣ್ಣಾರ. ಅದನ್ನ ಎಷ್ಟ ವರ್ಷಾ ಉಣ್ಣೂದು?”

“ಅಂವ ಆಡೂಮುಂದ ನೋಡೂದ ಒಂದ ಸುಖ ಐತಲೇ.”

“ಸುಖ ಐತ್ರಿ. ಆದ್ರ ಆಡೂದ ಇಲ್ಲಲ್ಲಾ.”

ಗುರುಪುತ್ರಪ್ಪನವರು ಕಣ್ಣು ಒರೆಸಿಕೊಂಡರು. ಅವರ ಕಣ್ಣು ಬಹಳ ಬೇಗ ಒದ್ದೆಯಾಗುತ್ತದೆ. ಗಿರಾಕಿ ಸೀರೆ ಬೇಡ ಎಂದು ಎದ್ದು ಹೋದರೂ ಒದ್ದೆಯಾಗುತ್ತದೆ. ನನ್ನ ಅನುಭವದಲ್ಲಿ, ಹಾಗೆ ಕಣ್ಣು ಒರೆಸಿಕೊಂಡ ಮೇಲೆ ಅವರು ಯಾವ ಕೆಲಸಕ್ಕೂ ಕೈ ಹಾಕಿದ್ದಿಲ್ಲ. ಇಬ್ಬರೂ ಸುಸ್ತಾಗಿ ನನ್ನ ಕಡೆ ತಿರುಗಿದರು. ಡಾಕ್ಟರ್ ಬೇಡ ಎಂದರೆ ಪಾಪ ತಮಗೆ ಅಂಟುವುದಿಲ್ಲವಲ್ಲ.

ನಾನು ಎರಡು ಮಾತು ಹೇಳಿದೆ. “ಅಂವ ಇನ್ನೊಮ್ಮೆ ಲೀಗ್ ಆಡಿ ಆ ಮೊಣಕಾಲು ಹೋತಂದ್ರ ವಯಸ್ಸಾಗೂಕಿಂತ ಮೊದ್ಲ ಕೋಲ ಹಿಡೀತಾನ. ತಂಡದಾಗ ಹಾಕಬ್ಯಾಡ್ರಿ. ಆದ್ರ ಕ್ಲಬ್ಬಿನ್ಯಾಗ ಇಟ್ಕೋರಿ. ಸಣ್ಣ ಹುಡುಗರಿಗೆ ಕಲಸ್ಲಿ, ಸಂಜಯನ ಬಾಜೂಕ ನಿಂದರ್ಲಿ, ಮೈದಾನಕ್ಕ ಸುಣ್ಣಾ ಹಾಕ್ಲಿ. ಆ ಕಾಲು ನಮ್ಮ ಕಪ್ಪಿಗೆ ಹೋಗೇತಿ, ಅವನ ಮನಿ ಕೆಲಸಕ್ಕ ಹೋಗಿಲ್ಲ.”

“ಮುಗೀತು,” ಎಂದರು ಗುರುಪುತ್ರಪ್ಪನವರು. “ಮೇಡಮ್ಮೋರ ಬ್ಯಾಡ ಅಂದ್ರು.”

“ಇನ್ನೊಂದ ಮಾತೂ ಅಂದೆ ಕಾಕಾರ.”

“ಅದನ್ನ ಮುಂದ ನೋಡೂಣಂತ.”

ನಮ್ಮೂರಲ್ಲಿ ‘ಮುಂದ ನೋಡೂಣಂತ’ ಎಂದರೆ ಆ ಮಾತಿಗೆ ಎಳ್ಳುನೀರು ಬಿಟ್ಟಂತೆ. ಖೋಲಿ ಖಾಲಿಯಾಗಬೇಕಿತ್ತು. ಕಾಕತಿ ಕಡೆಯ ಅನಿಕೇತ ಎಂಬ ಹೊಸ ಸ್ಟ್ರೈಕರ್‌ಗೆ ಸಂಜಯ ಆಗಲೇ ಮಾತು ಕೊಟ್ಟಿದ್ದ. ನಾನು ಕೂಗಾಡಿದೆ. ಅವರು ಚಹಾ ತರಿಸಿದರು.

ಆಮೇಲೆ ಬಂತು ನಿಜವಾದ ಪ್ರಶ್ನೆ: ಮುತ್ತಪ್ಪನಿಗೆ ಹೇಳುವವರು ಯಾರು? ಅಷ್ಟು ಹೊತ್ತು ಮಾತನಾಡಿದ ಗಂಡಸರಿಬ್ಬರೂ ಒಮ್ಮೆಲೇ ಸೀರೆಗಳ ಅಂಚು ನೋಡತೊಡಗಿದರು. ಕೊನೆಗೆ ಗುರುಪುತ್ರಪ್ಪನವರ ಮುಖ ಅರಳಿತು.

“ಸತ್ಕಾರ ಮಾಡೂಣು. ಲೀಗ್ ಶುರುವಾಗೂ ದಿನಾ, ಮ್ಯಾಚಿನಕಿಂತ ಮೊದ್ಲ. ಅವರ ಅಪ್ಪನ್ನೂ ಕರಸೂಣು. ಶಾಲು ಹೊಚ್ಚಿದ ಮ್ಯಾಲ ತಾನ ತಿಳ್ಕೊಂತಾನ. ಮನಸಿಗೂ ಹತ್ತೂದಿಲ್ಲ.”

“ಬಾಯಿ ಬಿಟ್ಟು ಹೇಳಾಕ ಏನಾಗೇತ್ರಿ ನಿಮಗ?” ಎಂದೆ. “ನಾನ ಹೇಳ್ತೀನಿ ಬಿಡ್ರಿ.”

“ಬ್ಯಾಡ,” ಎಂದ ಸಂಜಯ. “ಅವನ್ನ ತಂದಾಂವ ನಾನು. ಮೊದ್ಲ ಅವರಪ್ಪಗ ಹೇಳ್ತೀನಿ, ಆಮ್ಯಾಲ ಅವಗ. ನನಗ ಬಿಡು.” ಅವನ ಮುಖ ನೋಡಿದರೆ ನಂಬುವಂತಿತ್ತು. ನಂಬಿದೆ.

ಭಾನುವಾರ ಸಂಜಯ ತನ್ನ ಕಾರು ತೆಗೆದ. ಜೊತೆಗೆ ನಾನೂ ಹೋದೆ, ಇವನು ನಡುದಾರಿಯಲ್ಲಿ ಮನಸ್ಸು ಬದಲಿಸಬಾರದೆಂದು. ಖಾನಾಪುರ ದಾಟಿ ಕಣಕುಂಬಿ ರಸ್ತೆಗೆ ಹೊರಳಿ ಸ್ವಲ್ಪ ದೂರಕ್ಕೆ ಮುತ್ತಪ್ಪನ ಮನೆ. ಮಳೆ ಹತ್ತುವ ಮೊದಲು ಅವನ ತಂದೆ ಹಣಮಪ್ಪ ಹಿಂಡು ಹೊಡೆದುಕೊಂಡು ಬೈಲಹೊಂಗಲ, ಸವದತ್ತಿ ಕಡೆಯ ಒಣ ನೆಲಕ್ಕೆ ಹೋಗಿಬಿಡುತ್ತಾನೆ. ಖಾನಾಪುರದ ಮಳೆಯಲ್ಲಿ ಕುರಿ ಉಳಿಯುವುದಿಲ್ಲ. ತಾಯಿ ಮಾಯಕ್ಕನೂ ಜೊತೆಗೆ ಹೋಗುವವಳೇ. ದೀಪಾವಳಿ ಮುಗಿಯುವವರೆಗೆ ಆ ಮನೆಗೆ ಬೀಗ.

ನಾವು ಹೋದಾಗ ಹಣಮಪ್ಪ ಅಂಗಳದಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಗಂಟು ಹಾಕುತ್ತಿದ್ದ, ರಾತ್ರಿ ಹಿಂಡಿನ ಸುತ್ತ ಕಟ್ಟುವ ಬಲೆ. ತೆಳ್ಳಗೆ, ಎತ್ತರಕ್ಕೆ ಇದ್ದ. ಮಾತು ಕಡಿಮೆ.

“ಬರ್ರಿ, ಕುಂದರ್ರಿ,” ಎಂದು ಕಂಬಳಿ ಹಾಸಿದ. ಮಾಯಕ್ಕ ಚಹಾ ಕೊಟ್ಟಳು. ಕೊಟ್ಟವಳು ನನ್ನ ಎದುರಿಗೇ ಕುಳಿತಳು.

“ಬಾಯಾರ, ನೀವ ಅಲ್ಲ ಅವನ ಕಾಲ ನೋಡೂವ್ರು? ಹೆಂಗ ಐತ್ರಿ?”

ನಾನು ಸಂಜಯನ ಮುಖ ನೋಡಿದೆ. ಅವನು ಚಹಾದ ಬಟ್ಟಲನ್ನೇ ನೋಡುತ್ತಿದ್ದ. “ಕಾಲು ಚಲೋ ಇಲ್ಲವ್ವಾ…” ಎಂದು ನಾನೇ ಆರಂಭಿಸಿದೆ. ಸಂಜಯ ತಟ್ಟನೆ ನಡುವೆ ಬಾಯಿ ಹಾಕಿದ.

“ಶನಿವಾರ ಮುತ್ತಪ್ಪಗ ಸತ್ಕಾರ ಇಟ್ಕೊಂಡೀವಿ ಮಾಂವಾ. ದೊಡ್ಡ ಮಂದಿ ಬರ್ತಾರ. ನೀವೂ ಬರಬೇಕ. ಅದನ್ನ ಹೇಳಾಕ ಬಂದಿದ್ವಿ.”

ಹಣಮಪ್ಪನ ಕೈ ಬಲೆಯ ಮೇಲೆ ನಿಂತಿತು. “ಸತ್ಕಾರ? ಎದಕ್ಕ?”

“ಕ್ಲಬ್ಬಿಗೆ ಭಾಳ ಮಾಡ್ಯಾನಲ್ರಿ.”

“ಮರುದಿನ ಆಯ್ತಾರ ನಸಿಕ್ಲೆ ಹಿಂಡ ಎಬ್ಬಸೂದೈತಿ,” ಎಂದ ಹಣಮಪ್ಪ. ಇನ್ನೊಂದು ಗಂಟು ಬಿಗಿದು, “ಇರ್ಲಿ. ಬರ್ತೀನಿ,” ಎಂದ. ಮಾಯಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಆ ನಗು ನೋಡಿದ ಮೇಲೆ ಹೇಳುವ ಧೈರ್ಯ ನನಗೂ ಉಳಿಯಲಿಲ್ಲ.

ತಿರುಗಿ ಬರುವಾಗ ಮಲಪ್ರಭೆಯ ಸೇತುವೆ ಬರುವವರೆಗೂ ನಾನು ಅವನಿಗೆ ಬೈಯುತ್ತಲೇ ಇದ್ದೆ. ಹೇಡಿ ಎಂದೆ. ಅದಕ್ಕಿಂತ ಕೆಟ್ಟದ್ದನ್ನೂ ಅಂದೆ. ಸೇತುವೆ ದಾಟಿ ಅವನು ಕಾರನ್ನು ಪಕ್ಕಕ್ಕೆ ಹಾಕಿದ.

“ನಿನಗೇನ ಗೊತ್ತೈತಿ?” ಎಂದ. “ಅದ ಅಂಗಳದಾಗ ಕುಂತು ಆ ಮನಶ್ಯಾನ ಕಡೆ ಮಗನ್ನ ಬೇಡಿದ್ದೆ ನಾನು. ಹಿಂಡಿಗೆ ಆಳ ಬೇಕು, ಕೊಡೂದಿಲ್ಲ ಅಂದಿದ್ದ. ಮತ್ತ ಮತ್ತ ಹೋಗಿ ಕಾಲ ಹಿಡದಂಗ ಕೇಳಿ ಕರ್ಕೊಂಡ ಬಂದೆ. ಈಗ ಮುರದ ಮ್ಯಾಲ ತಗೋರಿ ಅಂತ ಹೆಂಗ ಹೇಳ್ಲಿ?”

ಪಾಪ ಅನಿಸಿತು. ಆದರೂ ಅವನ ಮೇಲಿನ ಸಿಟ್ಟು ಇಳಿಯಲಿಲ್ಲ. “ಮುತ್ತಪ್ಪಗಾದ್ರೂ ಹೇಳು,” ಎಂದೆ. ಹೇಳುತ್ತೇನೆ ಎಂದ. ಎರಡು ದಿನ ಬಿಟ್ಟು ಮೊಬೈಲಿಗೆ ‘ಹೇಳಿದೆ’ ಎಂದು ಒಂದೇ ಪದ ಕಳಿಸಿದ. ಮುತ್ತಪ್ಪ ಆ ವಾರ ಕ್ಲಿನಿಕ್ಕಿಗೆ ಬರಲಿಲ್ಲ. ನೋವು ನುಂಗಲು ಸ್ವಲ್ಪ ಸಮಯ ಬೇಕೆಂದು ನಾನೂ ಫೋನು ಮಾಡಲಿಲ್ಲ.

ಶನಿವಾರ ಮಧ್ಯಾಹ್ನ ಮೋಡ ಕಟ್ಟಿತ್ತು, ಮಳೆ ಬಂದಿರಲಿಲ್ಲ. ಕ್ಯಾಂಪಿನ ಮೈದಾನದ ಬದಿಗೆ ಪೆಂಡಾಲು ಹಾಕಿ ಕುರ್ಚಿ ಇಟ್ಟಿದ್ದರು. ಹಣಮಪ್ಪ ಬಿಳಿ ಧೋತರ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದ. ಪ್ಲಾಸ್ಟಿಕ್ ಕುರ್ಚಿಯ ತುದಿಗೆ, ಯಾವಾಗ ಬೇಕಾದರೂ ಏಳಬೇಕಾಗಬಹುದು ಎಂಬಂತೆ. ಮುತ್ತಪ್ಪನಿಗೆ ಕೇಸರಿ ಫೇಟಾ ಸುತ್ತಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಫೋಟೋದವನು ಅವನಿಗೆ ನಗು ಎಂದು ಹೇಳಬೇಕಾಗಲೇ ಇಲ್ಲ.

ಗುರುಪುತ್ರಪ್ಪನವರು ಮೈಕು ಹಿಡಿದರು. “ಮುತ್ತಪ್ಪ ಆಟಗಾರ ಅಲ್ಲ, ನಮ್ಮ ಮನಿ ಮಗ. ಇವತ್ತಿನಿಂದ ಅಲ್ಲ, ಎಂದಿಗೂ ನಮ್ಮ ಮನಿ ಮಗ. ಈ ಕ್ಲಬ್ ಇರೂ ತನಕಾ ಅವನ ಹೆಸರ ಇರ್ತೈತಿ.” ಕಣ್ಣು ಒದ್ದೆಯಾಯಿತು. ಚಪ್ಪಾಳೆ ಬಿತ್ತು. ಬಿಡುತ್ತಿದ್ದೇವೆ ಎಂಬ ಪದ ಆ ಭಾಷಣದ ಹತ್ತಿರವೂ ಸುಳಿಯಲಿಲ್ಲ. ತಿಳಿಯಬೇಕಾದವನಿಗೆ ಹೇಗೂ ತಿಳಿದಿದೆಯಲ್ಲ ಎಂದು ನಾನು ಹಲ್ಲು ಕಚ್ಚಿ ಕುಳಿತೆ.

ಸತ್ಕಾರ ಮುಗಿಯಿತು. ತಂಡಗಳು ಸಿದ್ಧವಾಗತೊಡಗಿದವು. ಮುತ್ತಪ್ಪ ಬೆಂಚಿನ ಹತ್ತಿರ ಬಂದ. ಫೇಟಾ ಬಿಚ್ಚಿಹೋಗದಂತೆ ಎರಡೂ ಕೈಯಿಂದ ಎತ್ತಿ ಬುಟ್ಟಿಯ ಮೇಲೆ ಇಟ್ಟ. ಶಾಲು ಮಡಚಿದ. ಚೀಲದಿಂದ ಬೂಟು ತೆಗೆದು ಹಾಕಿಕೊಳ್ಳತೊಡಗಿದ.

ಸಂಜಯನ ಬಳಿ ಓಡಿದೆ.

“ಹೇಳೀನಿ ಅಂದಿದ್ದೆಲ್ಲಾ?”

“ಸತ್ಕಾರ ಐತಿ ಅಂತ ಹೇಳಿದ್ನಿ,” ಎಂದ, ನನ್ನ ಮುಖ ನೋಡದೆ. “ಅದಕ್ಕಿಂತ ಮುಂದ ಬಾಯಾಗಿಂದ ಬರಲಿಲ್ಲ.” ಆಟಗಾರರ ಹೆಸರು ಕೊಡಬೇಕೆಂದು ರೆಫರಿಯ ಕಡೆ ನಡೆದೇಬಿಟ್ಟ. ಅಲ್ಲಿಯೇ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅತ್ತ ಮುತ್ತಪ್ಪ ಒಂದು ಬೂಟಿನ ಲೇಸು ಬಿಗಿದು ಇನ್ನೊಂದನ್ನು ಎತ್ತಿಕೊಂಡಿದ್ದ. ಗುರುಪುತ್ರಪ್ಪನವರು ದೊಡ್ಡ ಮಂದಿಯ ನಡುವೆ ನಗುತ್ತ ನಿಂತಿದ್ದರು. ಉಳಿದವಳು ನಾನೊಬ್ಬಳೇ. ಹೋಗಿ ಅವನ ಪಕ್ಕ ಕುಳಿತೆ.

“ಮುತ್ತಪ್ಪಾ, ನಿನ್ನ ಹೆಸರ ಕೊಟ್ಟಿಲ್ಲ.”

“ಇವತ್ತಿಂದೇನ್ರಿ?”

“ಇಡೀ ಲೀಗಿಂದು. ಕ್ಲಬ್ ನಿನ್ನ ಬಿಟ್ಟೈತಿ. ಕಾಲು ಆಟಕ್ಕ ಬ್ಯಾಡ ಅಂದಾಕಿ ನಾನ.”

ಅವನು ಲೇಸು ಎಳೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. “ಮುಂದಿನ ವರ್ಷಾ?”

“ಮುಂದೂ ಇಲ್ಲಪ್ಪಾ. ಆ ಮೊಣಕಾಲು ಮತ್ತ ಹೋದ್ರ ನಡ್ಯಾಕೂ ಬರೂದಿಲ್ಲ.”

“ಸತ್ಕಾರ ಮಾಡಿದ್ರಲ್ರಿ.”

“ಹೂಂ.”

“ಮತ್ತ ಆಡಸ್ತಾರ ಅಂತ ಮಾಡಿದ್ನಿ.” ಗಂಟು ಹಾಕಿ ಮುಗಿಸಿದ. ನಂತರ ತಲೆ ಎತ್ತಿ ತಂದೆ ಕುಳಿತ ಕಡೆ ನೋಡಿದ. ಹಣಮಪ್ಪ ಅವನನ್ನೇ ನೋಡುತ್ತಿದ್ದ. “ಹಂಗಾದ್ರ ನಮ್ಮಪ್ಪನ್ನ ಯಾಕ ಕರ್ಸಿದ್ರಿ ಅಕ್ಕಾರ?”

ಬಾಯಲ್ಲಿ ಹೇಳುವ ಧೈರ್ಯವಿಲ್ಲದವರು ಊರು ಸೇರಿಸುತ್ತಾರೆ ಎಂದು ಹೇಗೆ ಹೇಳಲಿ? ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ.

“ಅವಗ ಹೇಳಬ್ಯಾಡ್ರಿ,” ಎಂದ. “ನಾಳಿಗೆ ಹಿಂಡ ಹೊಡಕೊಂಡ ಹೊಕ್ಕಾನ. ಹೇಳಿದ್ರ ಸವದತ್ತಿ ತನಕಾ ಅದನ್ನ ಹೊತಗೊಂಡ ನಡೀತಾನ. ನಾ ಇಲ್ಲೇ ಓಡತಿರ್ತೀನಿ. ಅವಗ ಆಟ ತಿಳ್ಯೂದಿಲ್ಲ.”

ಮ್ಯಾಚು ಶುರುವಾಯಿತು. ಬದಲಿ ಆಟಗಾರರು ಮೈ ಬಿಸಿ ಮಾಡಿಕೊಳ್ಳಲು ಗೆರೆಯ ಹೊರಗೆ ಓಡಾಡುತ್ತಾರಲ್ಲ, ಹಾಗೆ ಮುತ್ತಪ್ಪ ಓಡಿದ. ಬೆಂಚಿನಿಂದ ಕಾರ್ನರ್ ಬಾವುಟದವರೆಗೆ, ಅಲ್ಲಿಂದ ತಿರುಗಿ ಬೆಂಚಿಗೆ. ತಂದೆಯ ಮುಂದೆ ಹಾದುಹೋಗುವಾಗ ಮೊಣಕಾಲು ಎತ್ತಿ ಎತ್ತಿ ಓಡಿದ. ಉಳಿದ ಬದಲಿ ಆಟಗಾರರು ಸುಸ್ತಾಗಿ ಕುಳಿತರೂ ಅವನು ಕುಳಿತುಕೊಳ್ಳಲಿಲ್ಲ. ರೆಫರಿಗೆ ಅರ್ಥವಾಯಿತೋ ಏನೋ, ಹೆಸರಿಲ್ಲದವನು ಯಾಕೆ ಓಡುತ್ತಿದ್ದಾನೆ ಎಂದು ಕೇಳಲಿಲ್ಲ. ದ್ವಿತೀಯಾರ್ಧದಲ್ಲಿ ಅನಿಕೇತ ಗೋಲು ಹೊಡೆದ. ನಿಜಕ್ಕೂ ಚೆಂದದ ಗೋಲು. ಗ್ಯಾಲರಿ ಎದ್ದು ನಿಂತು ಕುಣಿಯಿತು. ಮುತ್ತಪ್ಪನೂ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿ ಮತ್ತೆ ಓಟ ಹಿಡಿದ. ಇವನು ಇಲ್ಲದಿದ್ದರೂ ಕ್ಲಬ್ಬಿಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಆಗಲೇ ಎಲ್ಲರಿಗೂ ತಿಳಿದು ಹೋಗಿತ್ತು.

ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಎಡಮೊಣಕಾಲು ಬಾತುಕೊಳ್ಳುತ್ತಿತ್ತು. ನಿಲ್ಲು ಎಂದು ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಆಟ ಮುಗಿದ ಮೇಲೆ ಹಣಮಪ್ಪ ಎದ್ದು ನೆಟ್ಟಗೆ ನನ್ನ ಹತ್ತಿರ ಬಂದ. ಗುರುಪುತ್ರಪ್ಪನವರೂ ಪಕ್ಕದಲ್ಲಿದ್ದರು, ಗೆದ್ದ ಖುಷಿಯಲ್ಲಿ.

“ಬಾಯಾರ, ಎಡಗಾಲ ಹೋಗೇತ್ರಿ ಅವಂದು,” ಎಂದ ಮೆಲ್ಲಗೆ. “ಎತ್ತಿ ಹಾಕತಾನ, ಊರೂದಿಲ್ಲ. ಮುಚ್ಚಾಕ ನೋಡ್ತಾನ.”

ನಾನು ತಲೆಯಾಡಿಸಿದೆ.

“ನಮ್ಮ ಹಿಂಡಿನ್ಯಾಗ ಒಂದರ ಕಾಲ ಹಿಂಗ ಆತಂದ್ರ ದಾರ್ಯಾಗಿನ ಊರಾಗ ಯಾರರೆ ಚಲೋ ಮಂದಿ ಮನ್ಯಾಗ ಬಿಟ್ಟ ಹೊಕ್ಕೀವ್ರಿ. ಹಿಂಡಿನ ಸಂಗಾಟ ನಡ್ಯೂದಾಗೂದಿಲ್ಲ ಅದಕ. ಅವರ ಹಿತ್ತಲದಾಗ ಮೇಕೋತ ಇರ್ತೈತಿ. ನಾವು ತಿರಗಿ ಕೇಳಾಂಗಿಲ್ಲ.” ಅವನು ಗುರುಪುತ್ರಪ್ಪನವರ ಕಡೆ ತಿರುಗಿ ಕೈ ಮುಗಿದ. “ಇವನ್ನ ಹೆಂಗ ಮಾಡೂದು ಅಂತ ವರ್ಷಗಟ್ಲೆ ಚಿಂತಿ ಇತ್ರಿ ಸಾವಕಾರ್ರ. ನಡ್ಯಾಕ ಬರೂದಿಲ್ಲ, ನನ್ನ ಕಡೆ ಇಟ್ಕೊಂಡ ಏನ ಮಾಡ್ಲಿ? ನೀವು ಇವತ್ತ ಇಷ್ಟ ಮಂದಿ ಮುಂದ ರುಮಾಲ ಸುತ್ತಿ, ಮನಿ ಮಗಾ ಅಂದ್ರಿ. ಮನಸ ಹಗರ ಆತ್ರಿ. ನಿಮ್ಮ ಕಡೇನ ಇರ್ಲಿ.”

ಮುತ್ತಪ್ಪ ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ. ನನ್ನ ಬಾಯಿಗೆ ಬಂದ ಮಾತನ್ನು ಅವನ ಕಣ್ಣು ಅಲ್ಲಿಯೇ ತಡೆಯಿತು.

“ಏ, ನಿಶ್ಚಿಂತಿ ಇರಪ್ಪಾ ಹಣಮಪ್ಪಾ,” ಎಂದರು ಗುರುಪುತ್ರಪ್ಪನವರು, ಅವನ ಎರಡೂ ಕೈ ಹಿಡಿದುಕೊಂಡು. “ನಮ್ಮ ಕಡೇನ ಇರ್ತಾನ. ಇದೇನ ಹೇಳೂ ಮಾತಾ?” ಅವರ ಕಣ್ಣು ನಿಜಕ್ಕೂ ತುಂಬಿತ್ತು. ಸಂಜಯ ದೂರದಲ್ಲಿ ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಿದ್ದ. ತುಂಬಿ ಮುಗಿದ ಮೇಲೂ ಈ ಕಡೆ ಬರಲಿಲ್ಲ.

ಖಾನಾಪುರದ ಬಸ್ಸು ತಪ್ಪಬಾರದೆಂದು ಆಟೋ ಕರೆಸಿದರು. ಮುತ್ತಪ್ಪ ಹಣ್ಣಿನ ಬುಟ್ಟಿಯನ್ನು ತಂದೆಯ ತೊಡೆಯ ಮೇಲಿಟ್ಟ. ಮಡಚಿದ್ದ ಶಾಲು ಬಿಚ್ಚಿ ಅವನ ಹೆಗಲಿಗೆ ಹಾಕಿದ. “ಅವ್ವಗ ಕೊಡು,” ಎಂದ. ಹಣಮಪ್ಪ ಮಗನ ಎಡಮೊಣಕಾಲನ್ನು ಒಮ್ಮೆ ಒತ್ತಿ ನೋಡಿದ. ಅವನ ಮುಖ ಖಾನಾಪುರದ ಅಂಗಳದಲ್ಲಿ ನಾನು ಕಂಡದ್ದಕ್ಕಿಂತ ಎಷ್ಟೋ ಹಗುರವಾಗಿತ್ತು. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು.

ಆಟೋ ಚರ್ಚಿನ ಮೂಲೆ ತಿರುಗುವವರೆಗೂ ಮುತ್ತಪ್ಪ ಕೈ ಎತ್ತಿಕೊಂಡು ನಿಂತಿದ್ದ. ನಂತರ ಕೈ ಇಳಿಸಿ ಗುರುಪುತ್ರಪ್ಪನವರ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಸಾವಕಾರ್ರ, ಖೋಲಿ ಚಾವಿ ಯಾರ ಕಡೆ ಕೊಡ್ಲಿ?”

ಈಗಷ್ಟೇ ಒಬ್ಬ ತಂದೆಯ ಕೈ ಹಿಡಿದು ಮಾತು ಕೊಟ್ಟ ಮನುಷ್ಯ. ಈಗಲಾದರೂ ಚಾವಿ ನಿನ್ನ ಬಳಿಯೇ ಇರಲಿ ಎಂದಾರು ಎಂದು ನಾನು ಅವರ ಬಾಯಿಯನ್ನೇ ನೋಡುತ್ತ ನಿಂತೆ.

ಗುರುಪುತ್ರಪ್ಪನವರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು.

“ಇವತ್ತ ಅವಸರ ಏನಿಲ್ಲಪ್ಪಾ,” ಎಂದರು. “ನಾಳಿ ಕೊಟ್ರ ನಡೀತೈತಿ.”